ಆ ಈಲಿಯನ್ನು ನಾಯಿಗೆ ಹಾಕಬೇಡಿ

ಆತ್ಮೀಯ ಕೇಳುಗರೇ, ವಿಶೇಷವಾಗಿ ಈ ಹೊತ್ತಿಗೆ ಕುರಿಗಳನ್ನು ರೊಪ್ಪಕ್ಕೆ ಕೂಡಿ ರೇಡಿಯೋ ಮುಂದೆ ಕುಳಿತಿರುವ ಕುರಿಗಾಹಿ ಬಂಧುಗಳೇ, ನಿಮಗೆಲ್ಲ ನಮಸ್ಕಾರ. ಪ್ರಾಣಿಗಳಿಂದ ಮನುಷ್ಯರಿಗೆ ಬರುವ ಪರೋಪಜೀವಿಗಳ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಅಂಥವು ಹತ್ತಾರು ಇವೆ. ಎಲ್ಲವನ್ನೂ ಹೆಸರಿಸುತ್ತ ಹೋದರೆ ನಾಳೆ ಬೆಳಿಗ್ಗೆ ನಿಮಗೆ ಒಂದೂ ನೆನಪಿರುವುದಿಲ್ಲ. ಆದ್ದರಿಂದ ಒಂದೇ ಹುಳುವಿನ ಬಗ್ಗೆ ಒಂದೇ ಮಾತು ಹೇಳುತ್ತೇನೆ: ಕುರಿ ಕೊಯ್ದಾಗ ಈಲಿಯಲ್ಲಾಗಲಿ ಶ್ವಾಸಕೋಶದಲ್ಲಾಗಲಿ ನೀರುಗುಳ್ಳೆ ಕಂಡರೆ, ಅದನ್ನು ನಾಯಿಗೆ ಹಾಕಬೇಡಿ.

ಈ ಹುಳುವಿನ ಹೆಸರು ಎಕಿನೊಕಾಕಸ್. ಹೆಸರು ಮರೆತರೂ ಚಿಂತೆಯಿಲ್ಲ. ಇದು ನಾಯಿಯ ಸಣ್ಣ ಕರುಳಿನಲ್ಲಿ ವಾಸಿಸುವ ಲಾಡಿಹುಳು. ಲಾಡಿಹುಳು ಎಂದರೆ ಮಾರುದ್ದದ ಪಟ್ಟಿಯನ್ನು ಕಲ್ಪಿಸಿಕೊಳ್ಳುವ ನಮಗೆ ಇದು ಮೋಸ ಮಾಡುತ್ತದೆ, ಏಕೆಂದರೆ ಇದರ ಉದ್ದ 2ರಿಂದ 7 ಮಿಲಿಮೀಟರ್ ಅಷ್ಟೆ. ಒಂದೇ ನಾಯಿಯ ಕರುಳಿನಲ್ಲಿ ಇಂಥ ಸಾವಿರಾರು ಹುಳುಗಳಿದ್ದರೂ ನಾಯಿ ಬಾಲ ಅಲ್ಲಾಡಿಸುತ್ತ ಓಡಾಡಿಕೊಂಡೇ ಇರುತ್ತದೆ. ಅದರ ಮಲದಲ್ಲಿ ಕಣ್ಣಿಗೆ ಕಾಣದ ಮೊಟ್ಟೆಗಳು ಹೊರಬಿದ್ದು ಹುಲ್ಲಿಗೂ ನೀರಿಗೂ ಸೇರುತ್ತವೆ. ಆ ಹುಲ್ಲನ್ನು ಕುರಿ ಮೇಯುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಹುಳು ಕರುಳನ್ನು ತೂರಿ, ರಕ್ತದ ಜೊತೆ ಸಾಗಿ, ಹೆಚ್ಚಾಗಿ ಈಲಿಯಲ್ಲೋ ಶ್ವಾಸಕೋಶದಲ್ಲೋ ನೆಲೆಯೂರಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಆ ಗುಳ್ಳೆಯನ್ನು ನಾವೇ ನಾಯಿಗೆ ತಿನ್ನಿಸುತ್ತೇವೆ. ಆರೇಳು ವಾರ ಕಳೆಯುವಷ್ಟರಲ್ಲಿ ಆ ನಾಯಿ ಮತ್ತೆ ಮೊಟ್ಟೆ ಉದುರಿಸಲು ತೊಡಗುತ್ತದೆ.

ಮನುಷ್ಯ ಈ ಸುತ್ತಿನೊಳಗೆ ಕರೆಯದೆ ಬಂದವನು. ನಾಯಿಯ ಮೈಕೂದಲಿಗೆ ಅಂಟಿದ ಮೊಟ್ಟೆ ನಮ್ಮ ಕೈಗೆ, ಕೈಯಿಂದ ಬಾಯಿಗೆ ಬರುತ್ತದೆ. ಕುರಿಯ ಹೊಟ್ಟೆಯಲ್ಲಿ ಆದದ್ದೇ ನಮ್ಮ ಹೊಟ್ಟೆಯಲ್ಲೂ ಆಗುತ್ತದೆ.

ಇಲ್ಲಿ ಒಂದು ಅನುಭವವನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ, ನಾನು ಬಯಲುಸೀಮೆಯ ಒಂದು ಪಶು ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಹತ್ತಿರದ ಹಟ್ಟಿಯೊಂದರಿಂದ ಕುರಿಮರಿಗಳಿಗೆ ಭೇದಿಯಾಗುತ್ತಿದೆಯೆಂದು ಕರೆ ಬಂತು. ನಾನು ಹೋಗುವಾಗ ದೇವರ ಹರಕೆಗೆಂದು ಒಂದು ಮುದಿ ಕುರಿಯನ್ನು ಕೊಯ್ದಿದ್ದರು. ಮನೆಯ ಹಿರಿಯರು ಈಲಿಯನ್ನು ಕೈಯಲ್ಲಿ ಹಿಡಿದು, ಮುಖ ಸಿಂಡರಿಸಿ, "ಇದು ನೀರು ಕಟ್ಟಿದ ಈಲಿ ಸಾರ್, ತಿನ್ನಾಕೆ ಬರಲ್ಲ" ಎಂದವರೇ ಅಂಗಳದ ಕಡೆಗೆ ಎಸೆದರು. ನಾನು ಬೇಡ ಎಂದು ಕೂಗುವ ಮೊದಲೇ ಅವರ ಕರಿನಾಯಿ ಅದನ್ನು ಗಾಳಿಯಲ್ಲೇ ಹಿಡಿದಿತ್ತು. ನಾನು ರೇಗಿದೆ. ಅವರು ಶಾಂತವಾಗಿ, "ನಾಯಿಗೆ ಹಾಕದೆ ಏನ್ ಮಾಡ್ಲಿ ಸಾರ್, ನೀವು ತಿಂತೀರಾ?" ಎಂದು ಕೇಳಿದರು. ಅಂಗಳದಲ್ಲಿದ್ದವರೆಲ್ಲ ನಕ್ಕರು.

ನಗದೆ ಇದ್ದವರು ಒಬ್ಬರೇ, ಆ ಮನೆಯ ಸೊಸೆ. ಎರಡು ತಿಂಗಳ ಹಿಂದೆ ಆಕೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ಬಲ ಪಕ್ಕೆಯ ಕೆಳಗೆ ಎರಡು ವರ್ಷ ಭಾರ, ನೋವು. ದೇವರಿಗೆ ಹೇಳಿಕೊಂಡದ್ದೂ ಆಗಿತ್ತು, ನಾಟಿ ಔಷಧ ಕುಡಿದದ್ದೂ ಆಗಿತ್ತು. ಕೊನೆಗೆ ಈಲಿಯಿಂದ ತೆಂಗಿನಕಾಯಿ ಗಾತ್ರದ ಗುಳ್ಳೆಯನ್ನು ತೆಗೆದಿದ್ದರು. ಅಂಗಳ ಗುಡಿಸುತ್ತಿದ್ದವರು, ನಾಯಿಗೆ ಅನ್ನ ಹಾಕುತ್ತಿದ್ದವರು ಆಕೆಯೇ. ಕುರಿಯ ಈಲಿಗೂ ತನ್ನ ಈಲಿಗೂ ಸಂಬಂಧವಿದೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಅದೇ ಕುರಿಯ ಶ್ವಾಸಕೋಶದಲ್ಲಿದ್ದ ಇನ್ನೊಂದು ಗುಳ್ಳೆಯನ್ನು ತಟ್ಟೆಯ ಮೇಲಿಟ್ಟು ಕೊಯ್ದು ತೋರಿಸಿದೆ. ತಿಳಿನೀರು ಹರಿಯಿತು, ಬೇಯಿಸಿದ ಮೊಟ್ಟೆಯ ಬಿಳಿಭಾಗದಂಥ ಪೊರೆಯೊಂದು ಕಳಚಿಕೊಂಡಿತು, ತಟ್ಟೆಯ ತಳದಲ್ಲಿ ನುಣ್ಣನೆಯ ಮರಳಿನಂಥದ್ದು ಉಳಿಯಿತು. ಆ ಮರಳಿನ ಒಂದೊಂದು ಕಣವೂ ನಾಯಿಯ ಹೊಟ್ಟೆ ಸೇರಿದರೆ ಒಂದೊಂದು ಹುಳುವಾಗಬಲ್ಲದು ಎಂದೆ. ಆಕೆ ಬಹಳ ಹೊತ್ತು ನೋಡಿ, ಒಳಗಿನಿಂದ ಗುದ್ದಲಿ ತಂದು ಮಾವನ ಕೈಗೆ ಕೊಟ್ಟರು. ನನ್ನ ಇಡೀ ಸೇವಾವಧಿಯಲ್ಲಿ ನಾನು ಕೊಟ್ಟ ಯಾವ ಉಪನ್ಯಾಸಕ್ಕೂ ಅಷ್ಟು ಬೇಗ ಫಲ ಸಿಕ್ಕಿದ್ದಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಎಲ್ಲಿ ಮಾತನಾಡಲು ಹೋದರೂ ಜನ ನನ್ನನ್ನು ಕೇಳುವ ಮೊದಲ ಪ್ರಶ್ನೆ, ಹಾಗಾದರೆ ಮಟನ್ ತಿನ್ನುವುದನ್ನು ಬಿಡಬೇಕೇ ಎಂಬುದು. ಬಿಡಬೇಕಾಗಿಲ್ಲ. ಈ ರೋಗ ಮಾಂಸದಿಂದ ಬರುವುದಿಲ್ಲ, ನಾಯಿಯ ಮಲದಲ್ಲಿರುವ ಮೊಟ್ಟೆಯಿಂದ ಬರುತ್ತದೆ. ನಾವು ಸಸ್ಯಾಹಾರಿಗಳು, ನಮಗೇಕೆ ಈ ಮಾತು ಎನ್ನುವವರಿಗೂ ಇದೇ ಉತ್ತರ. ನಾಯಿಗಳು ಓಡಾಡುವ ತೋಟದಿಂದ ಬಂದ ಕೊತ್ತಂಬರಿ ಸೊಪ್ಪು ನಿಮ್ಮ ಅಡುಗೆಮನೆಗೂ ಬರುತ್ತದೆ. ತೊಳೆದು ಬಳಸಿ. ಫಿನೈಲ್ ಸುರಿದರೆ ಮೊಟ್ಟೆ ಸಾಯುತ್ತದೆಂಬ ನಂಬಿಕೆಯನ್ನೂ ದಯವಿಟ್ಟು ಬಿಡಿ. ಬಿಸಿಗೆ ಅದು ಸಾಯುತ್ತದೆ, ಫಿನೈಲಿಗೆ ಜಗ್ಗುವುದಿಲ್ಲ.

ಸಾಕುನಾಯಿಗೆ ವರ್ಷಕ್ಕೆ ಕನಿಷ್ಠ 4 ಬಾರಿ ಪ್ರಾಜಿಕ್ವಾಂಟೆಲ್ ಎಂಬ ಔಷಧವಿರುವ ಮಾತ್ರೆ ಕೊಡಿಸಿ. ಯಾವುದೋ ಒಂದು ಜಂತಿನ ಮಾತ್ರೆ ಸಾಲದು, ಈ ಹೆಸರನ್ನೇ ಹೇಳಿ ಪಶುವೈದ್ಯರನ್ನು ಕೇಳಿ. ಮಾತ್ರೆ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ. ಆದ್ದರಿಂದ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸುಡಿ ಅಥವಾ ಆಳವಾಗಿ ಹೂಳಿ. ಆದರೆ ಮಾತ್ರೆ ಕೊಟ್ಟ ಮರುವಾರವೇ ಗುಳ್ಳೆಯ ಈಲಿಯನ್ನು ಹಾಕಿದರೆ ಆ ದುಡ್ಡು ದಂಡ.

ಇದೆಲ್ಲ ಆಗುವ ಮಾತೇ ಎಂದು ಅನುಮಾನಪಡುವವರಿಗೆ ಐಸ್‌ಲ್ಯಾಂಡ್ ಎಂಬ ಕುರಿಗಳ ದೇಶದ ಉದಾಹರಣೆ ಕೊಡುತ್ತೇನೆ. 1863ರಲ್ಲಿ ಹರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಅಲ್ಲಿ 100 ನಾಯಿಗಳನ್ನು ಕೊಯ್ದು ನೋಡಿದಾಗ 28ರಲ್ಲಿ ಈ ಹುಳು ಸಿಕ್ಕಿತು. ಅವನು ಸರಳ ಭಾಷೆಯಲ್ಲಿ ಒಂದು ಕಿರುಪುಸ್ತಕ ಬರೆದ, ಅದನ್ನು ಮನೆಮನೆಗೆ ಹಂಚಿದರು, ಮುಂದೆ ಕಾನೂನುಗಳೂ ಬಂದವು. ಈಗ ಆ ದೇಶದಲ್ಲಿ ಈ ರೋಗ ಇಲ್ಲ. ಅಲ್ಲಿನ ಜನ ಕುರಿ ಸಾಕುವುದನ್ನೂ ಬಿಡಲಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 1 ಕೋಟಿ 11 ಲಕ್ಷ ಕುರಿಗಳಿವೆ, ಅವುಗಳ ಹಿಂದೆ ಹೋಗುವ ನಾಯಿಗಳ ಲೆಕ್ಕ ನಿಮಗೇ ಬಿಟ್ಟದ್ದು.

ಗುಳ್ಳೆಯಿರುವ ಈಲಿಯನ್ನು ಏನು ಮಾಡಬೇಕು ಎಂಬ ಆ ಹಿರಿಯರ ಪ್ರಶ್ನೆಗೆ ಅಂದು ಸಿಟ್ಟಿನಲ್ಲಿ ಸರಿಯಾದ ಉತ್ತರ ಕೊಟ್ಟಿರಲಿಲ್ಲ, ಈಗ ಕೊಡುತ್ತೇನೆ. ನಾಯಿ ಕೆದಕಲಾರದಷ್ಟು ಆಳದ ಗುಂಡಿ ತೆಗೆದು ಹೂತು, ಮೇಲೆ ಕಲ್ಲು ಹೇರಿ, ಜಾಲಿಮುಳ್ಳು ಮುಚ್ಚಿ. ಗುಂಡಿ ತೋಡಲು ಬಾರದ ಗಟ್ಟಿನೆಲವಾದರೆ ಸುಟ್ಟುಬಿಡಿ. ನಾಯಿಗೆ ಹಾಕಲೇಬೇಕೆಂಬ ಹಟವಿದ್ದರೆ, ಕುದಿಯುವ ನೀರಿನಲ್ಲಿ 30 ನಿಮಿಷ ಬೇಯಿಸಿದ ಮೇಲೆ ಹಾಕಿ. ನಮಸ್ಕಾರ.