ಕುರಿ ಹಿಂಡಿನಲ್ಲಿ ಕ್ಯೂ ಜ್ವರ: ಲಸಿಕೆ ಹಾಕುವ ಹೊತ್ತು

ಕೇಳುಗರಿಗೆ ನಮಸ್ಕಾರ. 2003ರ ಮೇ ತಿಂಗಳಲ್ಲಿ ಜರ್ಮನಿಯ ಸೋಸ್ಟ್ ಪಟ್ಟಣದ ರೈತ ಸಂತೆಯೊಂದರಲ್ಲಿ ಪ್ರದರ್ಶನಕ್ಕೆ ಕಟ್ಟಿದ್ದ ಕುರಿಯೊಂದು ಅಲ್ಲಿಯೇ ಮರಿ ಹಾಕಿತು. ಆ ಒಂದು ಹೆರಿಗೆಯ ಬೆನ್ನಿಗೆ 299 ಮಂದಿಗೆ ಕ್ಯೂ ಜ್ವರ ಬಂದುದು ದಾಖಲಾಯಿತು.

ಈ ರೋಗದ ಬ್ಯಾಕ್ಟೀರಿಯಾವಾದ ಕಾಕ್ಸಿಯೆಲ್ಲಾ ಬರ್ನೆಟಿ ಗಬ್ಬದ ಕುರಿಯ ಮಾಸಿನಲ್ಲಿ ವಿಪರೀತ ವೃದ್ಧಿಯಾಗುತ್ತದೆ. ಸೋಂಕಿದ ಮಾಸಿನ ಒಂದು ಗ್ರಾಂನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳು ಇರಬಲ್ಲವು. ಅದು ಒಣಗಿ ದೂಳಾದಾಗ ಗಾಳಿಯೊಡನೆ ಹಾರಿ, ಕುರಿಯನ್ನು ಮುಟ್ಟದವರ ಶ್ವಾಸಕೋಶವನ್ನೂ ಸೇರುತ್ತದೆ. ಕೆಲವು ಕುರಿಗಳು ದಿನ ತುಂಬುವ ಮುನ್ನ ಕಂದು ಹಾಕುತ್ತವೆಯಾದರೂ ಹೆಚ್ಚಿನವು ಹೊರನೋಟಕ್ಕೆ ಆರೋಗ್ಯವಾಗಿಯೇ ಇರುವುದರಿಂದ ಕುರಿಗಾರನಿಗೆ ಸುಳಿವೇ ಸಿಗುವುದಿಲ್ಲ. ಮನುಷ್ಯರಲ್ಲಿ ಬಹುತೇಕರು ಗುಣವಾಗುತ್ತಾರೆ. ಹೃದಯದ ಕವಾಟದ ತೊಂದರೆಯುಳ್ಳವರಿಗೆ ಮತ್ತು ಗರ್ಭಿಣಿಯರಿಗೆ ಮಾತ್ರ ಅಪಾಯ ಹೆಚ್ಚು.

ಲಸಿಕೆಯನ್ನು ಸತ್ತ ಬ್ಯಾಕ್ಟೀರಿಯಾದಿಂದ ತಯಾರಿಸುತ್ತಾರೆ. ಪ್ರಯೋಗಾಲಯದಲ್ಲಿ ಪದೇ ಪದೇ ಬೆಳೆಸಿದರೆ ಈ ಬ್ಯಾಕ್ಟೀರಿಯಾ ತನ್ನ ಹೊರಕವಚದ ಒಂದು ಮುಖ್ಯ ಭಾಗವನ್ನು ಕಳೆದುಕೊಂಡು ಎರಡನೆಯ ಹಂತದ ರೂಪಕ್ಕೆ ತಿರುಗುತ್ತದೆ. ಆ ರೂಪದಿಂದ ಮಾಡಿದ ಲಸಿಕೆಯಿಂದ ಹೆಚ್ಚಿನ ಪ್ರಯೋಜನವಿಲ್ಲವಾದ ಕಾರಣ ಹೊರಕವಚ ಪೂರ್ತಿಯಾಗಿರುವ ಮೊದಲ ಹಂತದ ರೂಪದಿಂದ ಮಾಡಿದ ಲಸಿಕೆಯನ್ನೇ ಕೇಳಿ ಪಡೆಯಬೇಕು. ಎಲ್ಲ ದೇಶಗಳಲ್ಲಿ ಇದಕ್ಕೆ ಅನುಮತಿ ಇಲ್ಲವೆಂಬುದೂ ನೆನಪಿರಲಿ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಹೊತ್ತು. ಟಗರು ಬಿಡುವುದಕ್ಕೆ ಮೊದಲೇ, ಸಾಮಾನ್ಯವಾಗಿ ಮೂರು ವಾರಗಳ ಅಂತರದಲ್ಲಿ ಎರಡು ಸಲ ಚುಚ್ಚಿ, ಆಮೇಲೆ ವರ್ಷಕ್ಕೊಮ್ಮೆ ಮರುಲಸಿಕೆ ಕೊಡಬೇಕು. ಈಗಾಗಲೇ ಸೋಂಕು ತಗುಲಿದ ಕುರಿಯನ್ನು ಲಸಿಕೆ ಗುಣಪಡಿಸುವುದಿಲ್ಲ. ಹಾಗಾಗಿ ಲಸಿಕೆ ಸಾಕಷ್ಟು ಸಿಗದಿದ್ದಲ್ಲಿ, ಇನ್ನೂ ಗಬ್ಬವಾಗದ ಎಳೆಯ ಹೆಣ್ಣು ಕುರಿಗಳಿಗೇ ಮೊದಲ ಪಾಲು ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ತಡವಾದರೆ ಏನಾಗುತ್ತದೆ ಎಂಬುದನ್ನು ನೆದರ್ಲೆಂಡ್ಸ್ ಕಂಡಿದೆ: 2007ರಿಂದ 2010ರವರೆಗೆ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ, ಮುಖ್ಯವಾಗಿ ಹಾಲಿನ ಮೇಕೆಗಳ ಮೂಲಕ, ಈ ಜ್ವರ ಬಂದಿತು. ಲಸಿಕೆ ಕಡ್ಡಾಯವಾದರೂ, ಅಷ್ಟರಲ್ಲಿ ಸೋಂಕು ಹೊಕ್ಕಿದ್ದ ಹಿಂಡುಗಳ ಗಬ್ಬದ ಪ್ರಾಣಿಗಳನ್ನು 2009ರ ಡಿಸೆಂಬರಿನಿಂದ ಕೊಲ್ಲಬೇಕಾಯಿತು. ಹಾಗೆ ಕೊಂದವುಗಳ ಸಂಖ್ಯೆ ಐವತ್ತು ಸಾವಿರವನ್ನು ಮೀರಿತ್ತು.

ಚುಚ್ಚಿದ ಜಾಗದಲ್ಲಿ ಊತ, ಒಂದೆರಡು ದಿನ ಮೈ ಬಿಸಿ, ಹಾಲಿನಲ್ಲಿ ಸ್ವಲ್ಪ ಇಳಿಕೆ ಕಾಣಿಸಬಹುದು, ಇವಕ್ಕೆ ಹೆದರಬೇಕಿಲ್ಲ. ಆದರೆ ಮೊದಲ ವರ್ಷದ ಫಲಿತಾಂಶವನ್ನು ನೋಡಿ ಲಸಿಕೆ ನಿಷ್ಪ್ರಯೋಜಕವೆಂದು ಕೈಬಿಡುವುದು ತಪ್ಪು. ಹಳೆಯ ಕುರಿಗಳು ಹೋಗಿ ಲಸಿಕೆ ಪಡೆದವು ಹಿಂಡನ್ನು ತುಂಬಲು ಕೆಲವು ವರ್ಷಗಳು ಬೇಕು. ದೊಡ್ಡಿಯ ದೂಳು ಮತ್ತು ಗೊಬ್ಬರದಲ್ಲಿ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಉಳಿಯುತ್ತದೆ. ಅಲ್ಲಿಯವರೆಗೆ ಕುರಿಗಳು ಮುಚ್ಚಿದ ಜಾಗದಲ್ಲಿಯೇ ಈಯುವಂತೆ ನೋಡಿಕೊಂಡು, ಮಾಸನ್ನು ನಾಯಿಗಳಿಗೆ ಸಿಗದಂತೆ ವಿಲೇವಾರಿ ಮಾಡಿ, ಗಾಳಿ ಬೀಸುವ ದಿನ ಗೊಬ್ಬರ ಹರಡದಿರುವುದು ಅಗತ್ಯ.

ಲಸಿಕೆಯಿಂದ ಬಂದ ಪ್ರತಿಕಾಯಗಳನ್ನೂ ಸೋಂಕಿನಿಂದ ಬಂದವುಗಳನ್ನೂ ಸಾಮಾನ್ಯ ರಕ್ತಪರೀಕ್ಷೆ ಬೇರ್ಪಡಿಸಿ ಹೇಳಲಾರದು. ಆದ್ದರಿಂದ ಹಿಂಡಿನಲ್ಲಿ ಸೋಂಕು ಇದೆಯೇ ಎಂಬುದನ್ನು ಪಶುವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕಾದುದು ಮೊದಲ ಚುಚ್ಚುಮದ್ದಿಗಿಂತ ಮುಂಚೆಯೇ.