ತಣ್ಣನೆ ಗಾಳಿ ಬೀಸಿದರೆ

ಕೇಳುಗರೆ, ನಮಸ್ಕಾರ.

ಬೇಸಿಗೆಯ ಮಧ್ಯಾಹ್ನ, ತಡೆಯಲಾರದ ಧಗೆ. ಅಷ್ಟರಲ್ಲಿ ಎಲ್ಲಿಂದಲೋ ತಣ್ಣನೆ ಗಾಳಿ ಬೀಸುತ್ತದೆ. 'ಅಬ್ಬಾ, ಜೀವ ಬಂತು' ಅನ್ನುತ್ತೇವೆ, ಅಲ್ವಾ? ನಾನೂ ಹಾಗೇ ಅಂದಿದ್ದೆ. ಗೆಳೆಯರಿಬ್ಬರ ಜೊತೆ ಸಣ್ಣ ದೋಣಿಯಲ್ಲಿ, ಕೆರೆಯ ನಟ್ಟನಡುವೆ ಇದ್ದೆ. ತಲೆಯ ಮೇಲೆ ಸುಡು ಬಿಸಿಲು. ದೂರದಲ್ಲಿ ಮಾತ್ರ ಒಂದಿಷ್ಟು ಕಪ್ಪು ಮೋಡ. ಐದು ನಿಮಿಷವೂ ಆಗಿರಲಿಲ್ಲ, ನೀರಿನ ಮೈಯೆಲ್ಲ ಸುಕ್ಕುಗಟ್ಟಿತು. ಹಿಂದೆಯೇ ಅಲೆಗಳೆದ್ದವು. ದಡಕ್ಕೆ ತಿರುಗಿಸಿದರೆ ದೋಣಿ ಪಕ್ಕಕ್ಕೆ ವಾಲುತ್ತಿತ್ತು. ಹುಟ್ಟು ಹಾಕಿ ಹಾಕಿ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಲೈಫ್ ಜಾಕೆಟ್ ಇರಲಿಲ್ಲವೇ ಅಂತೀರಾ? ಇದ್ದವು. ಮೆತ್ತಗಿರುತ್ತದೆ ಅಂತ ಅವುಗಳ ಮೇಲೆ ಕೂತಿದ್ದೆವು!

ಆ ಗಾಳಿ ಬಂದದ್ದು ದೂರದ ಅದೇ ಮೋಡದಿಂದ. ಗುಡುಗು ಮೋಡದಲ್ಲಿ ಮಳೆ ಶುರುವಾದಾಗ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೆ ಕುಸಿಯುತ್ತದೆ. ನೆಲ ಮುಟ್ಟಿದ್ದೇ ಸುತ್ತಲೂ ಹರಡಿ ಮಳೆಗಿಂತ ಮೊದಲೇ ನಮ್ಮನ್ನು ತಲುಪುತ್ತದೆ. ಹಾಗಾಗಿ ತಂಪು ತಟ್ಟಿದ ಕೂಡಲೇ ದಡ ಸೇರಿ. ಹನಿ ಬೀಳಲಿ, ಆಮೇಲೆ ನೋಡೋಣ ಅಂದರೆ ತಡವಾಯಿತು.

ಸಿಡಿಲೂ ಮಳೆಗೆ ಕಾಯುವುದಿಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. 30 ಎಣಿಸಿದರೆ ಸುಮಾರು 10 ಕಿಲೋಮೀಟರ್. ದೂರ ಇದೆ ಬಿಡು ಅನ್ನಿಸಬಹುದು. ಆದರೆ ಮುಂದಿನ ಸಿಡಿಲು ನೀವು ನಿಂತಲ್ಲೇ ಬೀಳಬಹುದು. ನಿಜ ಹೇಳಬೇಕೆಂದರೆ, ಎಣಿಸುತ್ತಾ ನಿಲ್ಲುವ ಬದಲು ಮೊದಲ ಗುಡುಗಿಗೇ ಹೊರಡುವುದು ಒಳ್ಳೆಯದು. ಗಟ್ಟಿ ಕಟ್ಟಡದೊಳಗೆ ಹೋಗಿ, ಇಲ್ಲವೇ ಕಿಟಕಿ ಮುಚ್ಚಿದ ಕಾರಿನೊಳಗೆ. ಕಾರಿನಲ್ಲಿ ನಮ್ಮನ್ನು ಕಾಯುವುದು ರಬ್ಬರ್ ಟೈರಲ್ಲ, ಸುತ್ತಲಿನ ಲೋಹದ ಕವಚ. ಮರದ ಕೆಳಗೆ ಮಾತ್ರ ಬೇಡವೇ ಬೇಡ. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿದ್ದವರಿಗೂ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ.

ಅಮೆರಿಕದಲ್ಲಿ ರಾಯ್ ಸಲಿವನ್ ಎಂಬ ಪಾರ್ಕ್ ರೇಂಜರ್ ಇದ್ದರು. 1942ರಿಂದ 1977ರ ನಡುವೆ ಅವರಿಗೆ ಏಳು ಸಲ ಸಿಡಿಲು ಬಡಿಯಿತು. ಏಳು ಸಲವೂ ಬದುಕಿದರು! ಸಿಡಿಲು ಬಡಿದವರೆಲ್ಲ ಸಾಯುವುದಿಲ್ಲ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದೂ ಇಲ್ಲ, ಮುಟ್ಟಲು ಹೆದರಬೇಡಿ. ಉಸಿರು ನಿಂತಿದ್ದರೆ ಸಹಾಯಕ್ಕೆ ಕರೆದು, ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತಿ.

ಬಿಸಿಲಿನದ್ದು ಒಂದೇ ಮಾತು. ಸೆಕೆಯಲ್ಲಿದ್ದವರು ಇದ್ದಕ್ಕಿದ್ದಂತೆ ತೊದಲಿದರೆ, ಏನೇನೋ ಮಾತಾಡಿದರೆ ಅದು ಬರೀ ಸುಸ್ತಲ್ಲ. ಮೈ ಬಿಸಿ 40 ಡಿಗ್ರಿ ದಾಟಿರಬಹುದು. ಆಂಬುಲೆನ್ಸ್‌ಗೆ ಹೇಳಿ, ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಮತ್ತೆ ನೀರಿಗೇ ಬರುತ್ತೇನೆ. ಮುಳುಗುವವರು ಕೈ ಬೀಸಿ ಕೂಗುತ್ತಾರೆ ಅಂದುಕೊಂಡಿದ್ದೇವೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಉಸಿರಾಡಲೇ ಬಾಯಿ ನೀರಿನಿಂದ ಮೇಲೆ ಬರುತ್ತಿಲ್ಲ, ಇನ್ನು ಕೂಗುವುದೆಲ್ಲಿ? ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ನೋಡಿದವರಿಗೆ ಸುಮ್ನೆ ಆಡುತ್ತಿರುವಂತೆ ಕಾಣುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಸದ್ದಿಲ್ಲದಂತಾದರೆ 'ಏನೋ, ಸರಿ ಇದ್ದೀಯಾ?' ಅಂತ ಕೇಳಿ. ಉತ್ತರ ಬರದಿದ್ದರೆ ಸಮಯ ಕೆಲವೇ ಸೆಕೆಂಡು. ಕೈಗೆ ಸಿಗುವ ದೂರದಲ್ಲಿದ್ದರೆ ಎತ್ತಿಕೊಳ್ಳಿ. ಆಳದಲ್ಲಿದ್ದರೆ ಹಿಂದೆಯೇ ಹಾರಬೇಡಿ, ಗಾಬರಿಯಲ್ಲಿದ್ದವರು ನಿಮ್ಮ ಕುತ್ತಿಗೆಗೇ ಜೋತುಬೀಳುತ್ತಾರೆ. ದಡದಲ್ಲಿ ಮಲಗಿ ಉದ್ದನೆ ಕೋಲು ಚಾಚಿ, ಹಗ್ಗ ಎಸೆಯಿರಿ. ಏನೂ ಇಲ್ಲದಿದ್ದರೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಆದರೂ ಸರಿ, ಅದನ್ನೇ ಅಪ್ಪಿಕೊಂಡು ತೇಲಬಹುದು.

ನಮಸ್ಕಾರ.