ತೆಗೀಲಾ, ಹಂಗೇ ಬಿಡ್ಲಾ?

ಎಲ್ಲರಿಗೂ ನಮಸ್ಕಾರ. ‘ಫೋಟೊ ಮತ್ತು ಸತ್ಯ’ ಅಂತ ವಿಷಯ ಕೊಟ್ಟಿದ್ದೀರಿ. ನಾನು ಸ್ಟುಡಿಯೊ ಮನೆಯಲ್ಲಿ ಬೆಳೆದವನು. ಹಾಗಾಗಿ ನಮ್ಮಪ್ಪನ ಪೆನ್ಸಿಲ್‌ನಿಂದಲೇ ಶುರು ಮಾಡ್ತೀನಿ.

ದೇವರಾಜ ಮಾರುಕಟ್ಟೆ ಹತ್ತಿರ ನಮ್ಮದೊಂದು ಸಣ್ಣ ಸ್ಟುಡಿಯೊ ಇತ್ತು. ಫೋಟೊ ಹೊಡೆಯೋಕೆ ಐದು ನಿಮಿಷ, ಟಚಿಂಗ್‌ಗೆ, ಅಂದರೆ ತಿದ್ದೋಕೆ, ಅರ್ಧ ದಿನ. ಇಳಿಜಾರು ಮೇಜು, ಅದರಲ್ಲೊಂದು ಗಾಜು, ಕೆಳಗೆ ಕನ್ನಡಿ. ಗಾಜಿನ ಮೇಲೆ ನೆಗೆಟಿವ್, ಅಂದರೆ ಕಪ್ಪು-ಬಿಳುಪು ಅದಲುಬದಲಾಗಿ ಕಾಣೋ ಫಿಲ್ಮು. ಕಿಟಕಿ ಬೆಳಕು ಕನ್ನಡಿಗೆ ಬಡಿದು ಅದರ ಮೂಲಕ ಮೇಲೆ ಬರ್ತಿತ್ತು. ಮುಖದಲ್ಲಿ ಕಪ್ಪಗೆ ಕಾಣೋ ಗುಳಿ ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತೆ. ಸ್ಯಾಂಡ್‌ಪೇಪರಿಗೆ ಉಜ್ಜಿ ಸೂಜಿಯಂತೆ ಮಾಡಿದ ಪೆನ್ಸಿಲ್‌ನಿಂದ ಆ ತಿಳಿಚುಕ್ಕೆ ತುಂಬಿದರೆ ಪ್ರಿಂಟಿನಲ್ಲಿ ಗುಳಿ ಇಲ್ಲ. ಕೈ ಸ್ವಲ್ಪ ಭಾರವಾದರೆ ಕೆನ್ನೆ ಮೇಲೆ ಬಿಳಿ ಮಚ್ಚೆ.

ಬರ್ತಿದ್ದವರಲ್ಲಿ ಸಿಡುಬಿನ ಕಲೆಯವರು ಬಹಳ. ‘ಚಿಕ್ಕವಳಿದ್ದಾಗ ಅಮ್ಮ ಆಗಿತ್ತು ಸ್ವಾಮಿ, ಗಂಡಿನ ಕಡೆಯವರಿಗೆ ಕಳಿಸೋ ಫೋಟೊ’ ಅಂತ ತಾಯಂದಿರು ದನಿ ತಗ್ಗಿಸೋರು. ಅಪ್ಪ ಮಾತ್ರ ಹುಡುಗಿಯನ್ನೇ ಕೇಳೋರು: ‘ತೆಗೀಲೇನವ್ವ, ಹಂಗೇ ಬಿಡ್ಲಾ?’

ಇದು ಮೋಸ ಅಲ್ವಾ ಅಂತ ಒಮ್ಮೆ ಕೇಳಿದೆ. ‘ಹುಡುಗಿ ನೋಡೋಕೆ ಬರ್ತಾರಲ್ಲ, ಆಗ ಕಾಣುತ್ತೆ ಬಿಡೋ’ ಅಂದರು. ಆ ಉತ್ತರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಅದೇ ಕಾಲದ ಇನ್ನೊಂದು ಫೋಟೊ ನೋಡಿ. ಸಿಡುಬು ನಿರ್ಮೂಲನೆಯ ಕಾರ್ಯಕರ್ತರು ಮೈತುಂಬ ಗುಳ್ಳೆ ಎದ್ದ ಮಗುವಿನ ಚಿತ್ರವಿದ್ದ ಕಾರ್ಡು ಹಿಡಿದು ಮನೆಮನೆಗೆ ಹೋಗೋರು. ‘ಇಂಥದ್ದು ಯಾರಿಗಾದರೂ ಎದ್ದಿದೆಯಾ?’ ಆ ಚಿತ್ರದ ಒಂದು ಗುಳ್ಳೆಗೆ ಪೆನ್ಸಿಲ್ ತಾಗಿಸಿದ್ದರೂ ಅಪರಾಧ. 1923ರಲ್ಲಿ ಇದೇ ಮೈಸೂರಲ್ಲಿ ಹುಟ್ಟಿದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಆ ಹೋರಾಟವನ್ನು ಕ್ಯಾಮೆರಾದಲ್ಲಿ ದಾಖಲಿಸಿದರು. 1975ರ ನಂತರ ಭಾರತದಲ್ಲಿ ಸಿಡುಬು ಹರಡಲಿಲ್ಲ. 1980ರಲ್ಲಿ ಜಗತ್ತೇ ಅದರಿಂದ ಮುಕ್ತ ಅಂತ ಘೋಷಣೆಯಾಯಿತು. ಒಂದೇ ಕಲೆ. ಒಂದು ಕಡೆ ಅಳಿಸಬೇಕು, ಇನ್ನೊಂದು ಕಡೆ ಅಳಿಸಲೇಬಾರದು. ಹಾಗಾಗಿ ಫೋಟೊ ನಿಜವೋ ಸುಳ್ಳೋ ಅನ್ನುವ ಮೊದಲು ನಾನು ಕೇಳೋದು, ಇದನ್ನು ನೋಡಿ ಯಾರು ಏನು ತೀರ್ಮಾನ ಮಾಡ್ತಾರೆ ಅಂತ.

‘ಕೈ ಹಾಕದಿದ್ದರೆ ಕ್ಯಾಮೆರಾ ಸುಳ್ಳು ಹೇಳಲ್ಲ’ ಅನ್ನೋರಿದ್ದಾರೆ. 1838ರಲ್ಲಿ, ಫೋಟೊ ತೆಗೆಯೋ ವಿಧಾನ ಕಂಡುಹಿಡಿದವರಲ್ಲಿ ಒಬ್ಬನಾದ ಫ್ರಾನ್ಸಿನ ಡಾಗೆರ್ ಪ್ಯಾರಿಸ್ಸಿನ ಗಿಜಿಗುಡುವ ಬೀದಿಯೊಂದರ ಚಿತ್ರ ತೆಗೆದ. ಬೀದಿ ಬಿಕೋ ಅಂತಿದೆ! ಬೆಳಕು ಮೂಡೋಕೆ ನಿಮಿಷಗಟ್ಟಲೆ ಬೇಕಿತ್ತು, ಓಡಾಡೋರು ಯಾರೂ ದಾಖಲಾಗಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಉಳಿದ. ದಸರಾ ದಿನ ಸಯ್ಯಾಜಿರಾವ್ ರಸ್ತೆ ಖಾಲಿಯಿತ್ತು ಅಂದ ಹಾಗೆ. ಯಾರೂ ತಿದ್ದಿರಲಿಲ್ಲ.

ಈಗ ಫೋನು. ಒಂದು ಸಲ ಒತ್ತಿದರೆ ಹಲವು ಚಿತ್ರ ಹಿಡಿದು ಸೇರಿಸಿ ಒಂದು ಮಾಡುತ್ತೆ. ಕೆಲವು ಫೋನು ಚರ್ಮವನ್ನೂ ನುಣುಪು ಮಾಡಿಬಿಡುತ್ತೆ. ನಮ್ಮಪ್ಪ ಕೇಳ್ತಿದ್ದ ಪ್ರಶ್ನೆ ಅದಕ್ಕೆ ಗೊತ್ತಿಲ್ಲ. ಎಐ ಚಿತ್ರದ ಬಗ್ಗೆ ಇಲ್ಲಿ ಹೆಚ್ಚು ಹೇಳಲ್ಲ; ಅದರ ಹಿಂದೆ ನೆಗೆಟಿವೇ ಇರಲ್ಲ, ಹೋಗಿ ನೋಡೋಣ ಅಂದ್ರೆ ಎಲ್ಲಿಗೆ ಹೋಗೋದು?

ಅದಕ್ಕೇ ಒಂದು ನೆಗೆಟಿವ್ ತಂದಿದ್ದೀನಿ. ನಮ್ಮ ಸೋದರತ್ತೆಯದು. ಅಪ್ಪ ಎಡಗೆನ್ನೆ ಮುಗಿಸೋ ಹೊತ್ತಿಗೆ ಅತ್ತೆ ಒಳಗೆ ಬಂದು, ‘ಸಾಕು ಬಿಡಣ್ಣ, ಇದು ನಾನಲ್ಲ’ ಅಂದರಂತೆ. ಮುಗಿದ ಮೇಲೆ ಬನ್ನಿ, ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿ. ಒಂದು ಕೆನ್ನೆ ಮೇಲೆ ಪೆನ್ಸಿಲ್ ಸೀಸ ಇನ್ನೂ ಹೊಳೆಯುತ್ತೆ.